ಹಬೀಬ್ ಜಾಲಿಬ್ ಮತ್ತು ಹೆಸರುಗಳ ಜಗಳ

ಹಬೀಬ್ ಜಾಲಿಬ್ ಅವರ 'ದಸ್ತೂರ್' ಕವಿತೆ ಈಗ ಎಲ್ಲರಿಗೂ ಬೇಕು. 1962ರಲ್ಲಿ ಪಾಕಿಸ್ತಾನದ ಸೇನಾ ಆಡಳಿತದ ವಿರುದ್ಧ ಹುಟ್ಟಿದ ಕವಿತೆ ಇದು. ಶಹಬಾಜ್ ಶರೀಫ್ ಅಲ್ಲಿನ ಪಂಜಾಬ್ ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದಾಗಲೇ ಇದನ್ನು ಸಭೆಗಳಲ್ಲಿ ಕೈ ಎತ್ತಿ ಹಾಡಿದರು. ಒಂದರ ಹಿಂದೆ ಒಂದು ಸರ್ಕಾರ ಜೈಲಿಗೆ ಹಾಕಿದ ಕವಿಗೆ 2009ರಲ್ಲಿ ಇನ್ನೊಂದು ಸರ್ಕಾರ 'ನಿಶಾನ್-ಎ-ಇಮ್ತಿಯಾಜ್' ಎಂಬ ದೊಡ್ಡ ಗೌರವ ಕೊಟ್ಟಿತು. ಅಷ್ಟು ಹೊತ್ತಿಗೆ ಕವಿ ತೀರಿಕೊಂಡು ಹದಿನಾರು ವರ್ಷ ಆಗಿತ್ತು. 2019-20ರಲ್ಲಿ ನಮ್ಮ ದೇಶದ ವಿದ್ಯಾರ್ಥಿ ಪ್ರತಿಭಟನೆಗಳಲ್ಲೂ ಇದೇ ಕವಿತೆ ಕೇಳಿಸಿತು. ಉರ್ದು ಲಿಪಿ ಓದಲು ಬಾರದ ಹುಡುಗ ಹುಡುಗಿಯರೂ ಇದನ್ನು ಬಾಯಿಪಾಠ ಮಾಡಿಕೊಂಡರು.

ಸರ್ಕಾರವನ್ನು ಎದುರಿಸಲು ಬರೆದ ಕವಿತೆಯನ್ನು ಸರ್ಕಾರ ನಡೆಸುವವರೇ ಹಾಡತೊಡಗಿದರೆ ನಾವು ಒಂದು ನಿಮಿಷ ನಿಂತು ಯೋಚಿಸಬೇಕು. ಕವಿತೆ ಗೆದ್ದಿದೆ ಅಂತಲೋ, ಅಥವಾ ಅದರ ಹಲ್ಲು ಕಿತ್ತಿದ್ದಾರೆ ಅಂತಲೋ? ಇದಕ್ಕೆ ಉತ್ತರ ಬೇಕಾದರೆ ಜಾಲಿಬ್ ವಿರೋಧಿಸಿದ್ದು ಯಾರನ್ನು ಎಂದು ಕೇಳಿದರೆ ಸಾಲದು, ಏನನ್ನು ಎಂದು ಕೇಳಬೇಕು. ಯಾರನ್ನು ಎಂಬುದಕ್ಕೆ ಪಟ್ಟಿ ಸಿಗುತ್ತದೆ: ಅಯೂಬ್ ಖಾನ್, ಯಾಹ್ಯಾ ಖಾನ್, ಭುಟ್ಟೊ, ಜಿಯಾ. ಏನನ್ನು ಎಂಬುದಕ್ಕೆ ಕವಿತೆಗಳನ್ನೇ ಓದಬೇಕು. ಹಾಗೆ ಓದಿದಾಗ ನನಗೆ ಕಾಣುವುದು ಇಷ್ಟು: ಜಾಲಿಬ್ ಅವರ ಜಗಳವೆಲ್ಲ ಹೆಸರುಗಳ ಜಗಳ. ಸರ್ಕಾರ ತಾನು ಮಾಡುವ ಕೆಲಸಕ್ಕೆ ಮೊದಲು ಒಂದು ಚೆಂದದ ಹೆಸರು ಇಡುತ್ತದೆ. ಆ ಹೆಸರನ್ನು ಜನ ಒಪ್ಪಿಕೊಂಡರೆ ಅರ್ಧ ಕೆಲಸ ಮುಗಿಯಿತು. ಜಾಲಿಬ್ ಆ ಹೆಸರನ್ನೇ ಒಪ್ಪುವುದಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಜಾಲಿಬ್ ಹುಟ್ಟಿದ್ದು 1928ರಲ್ಲಿ, ಈಗ ಭಾರತದಲ್ಲಿರುವ ಪಂಜಾಬಿನ ಹೊಶಿಯಾರ್‌ಪುರ ಜಿಲ್ಲೆಯಲ್ಲಿ. ದೇಶ ವಿಭಜನೆಯಾದಾಗ ಕರಾಚಿಗೆ ಹೋದರು. 'ಇಮ್ರೋಜ್' ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿದರು. 1957ರಲ್ಲಿ ಬಂದ ಮೊದಲ ಸಂಕಲನ 'ಬರ್ಗ್-ಎ-ಆವಾರಾ' ಹೆಚ್ಚಾಗಿ ಪ್ರೇಮ, ವಿರಹ, ಅಲೆದಾಟದ ಗಜಲುಗಳದ್ದು. ಮುಷಾಯಿರಾಗಳಲ್ಲಿ ಅವರು ತರನ್ನುಮ್‌ನಲ್ಲಿ, ಅಂದರೆ ರಾಗ ಹಾಕಿ ಓದುತ್ತಿದ್ದರು. ಆ ಗಂಟಲೇ ಮುಂದೆ ಅವರ ಪತ್ರಿಕೆ, ಅವರ ರೇಡಿಯೊ ಎರಡೂ ಆಯಿತು.

1958ರ ಅಕ್ಟೋಬರಿನಲ್ಲಿ ಸೇನೆ ಆಡಳಿತ ಹಿಡಿಯಿತು, 1956ರ ಸಂವಿಧಾನ ರದ್ದಾಯಿತು. 1959ರಲ್ಲಿ 'ಇಮ್ರೋಜ್' ಪತ್ರಿಕೆಯ ಸಂಸ್ಥೆಯನ್ನೇ ಸರ್ಕಾರ ವಶಪಡಿಸಿಕೊಂಡಿತು. 1962ರ ಮಾರ್ಚ್ 1ರಂದು ಅಯೂಬ್ ಖಾನ್ ತಮ್ಮದೇ ಹೊಸ ಸಂವಿಧಾನ ಘೋಷಿಸಿದರು. ಅದರ ಪ್ರಕಾರ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವ ಹಾಗಿರಲಿಲ್ಲ. ಪೂರ್ವ ಪಶ್ಚಿಮ ಎರಡೂ ಭಾಗ ಸೇರಿ 80,000 ಸ್ಥಳೀಯ ಪ್ರತಿನಿಧಿಗಳು ಜನರ ಪರವಾಗಿ ಆರಿಸುತ್ತಿದ್ದರು. ಈ ವ್ಯವಸ್ಥೆಗೆ ಇಟ್ಟ ಹೆಸರು ನೋಡಿ: 'ಬುನಿಯಾದಿ ಜಮ್ಹೂರಿಯತ್'. ಬುನಾದಿ ಎಂಬುದು ಕನ್ನಡಕ್ಕೂ ಬಂದ ಮಾತು, ಬಿಡಿಸಿ ಹೇಳಬೇಕಿಲ್ಲ. ಬುನಾದಿಯ ಪ್ರಜಾಪ್ರಭುತ್ವ! ಜನರ ಕೈಯಿಂದ ಮತ ಕಸಿದುಕೊಂಡ ಏರ್ಪಾಟಿಗೆ ಪ್ರಜಾಪ್ರಭುತ್ವದ ಬುನಾದಿ ಎಂದು ಹೆಸರು.

'ದಸ್ತೂರ್' ಹುಟ್ಟಿದ್ದು ಇದರ ಎದುರಿಗೆ. ಉರ್ದುವಿನಲ್ಲಿ ದಸ್ತೂರ್ ಎಂದರೆ ಸಂವಿಧಾನ; ರೂಢಿ, ವಾಡಿಕೆ ಎಂಬ ಅರ್ಥವೂ ಇದೆ. ಒಂದೇ ಪದದಲ್ಲಿ ಕಾಗದದ ಕಾನೂನೂ ಬಂತು, ಅದನ್ನು ಒಪ್ಪಿಕೊಂಡು ಬದುಕುವ ಅಭ್ಯಾಸವೂ ಬಂತು. ಜಾಲಿಬ್ ಎರಡನ್ನೂ ಒಟ್ಟಿಗೆ ತಳ್ಳಿಹಾಕುತ್ತಾರೆ. ಮರ್ರಿಯ ಮುಷಾಯಿರಾದಲ್ಲಿ ಇದನ್ನು ಓದಲು ಹೊರಟಾಗ ಯಾರೋ ತಡೆದು "ಇದು ಮೌಕಾ ಅಲ್ಲ" ಎಂದರಂತೆ. "ನಾನು ಮೌಕಾಪರಸ್ತ್ ಅಲ್ಲ" ಎಂದು ಜಾಲಿಬ್ ಉತ್ತರಿಸಿದರಂತೆ. ಉರ್ದು ಬಲ್ಲವರ ನಡುವೆ ಈ ಕಥೆ ಬಹಳ ಓಡಾಡಿದೆ. ಕನ್ನಡದಲ್ಲಿ ಇದು ಒಂದು ಚೂರೂ ಕೆಡದೆ ಕೂರುತ್ತದೆ: "ಇದು ಸಮಯ ಅಲ್ಲ." "ನಾನು ಸಮಯಸಾಧಕ ಅಲ್ಲ."

ಈಗ ಕವಿತೆಯ ಕಟ್ಟಡ ನೋಡೋಣ. ದೀಪ, ನೆರಳು, ಬೆಳಗು, ಹೂವು, ವೈದ್ಯ: ಬಳಸಿದ ಚಿತ್ರಗಳೆಲ್ಲ ಹಳೆಯ ಉರ್ದು ಕಾವ್ಯದವೇ, ಹೊಸದೇನಿಲ್ಲ. ಹೊಸದಿರುವುದು ವಾದದ ರೀತಿಯಲ್ಲಿ. ಅಧಿಕಾರದಲ್ಲಿರುವವರು ಒಂದನ್ನು ಹೂವು ಎನ್ನುತ್ತಾರೆ, ಇನ್ನೊಂದನ್ನು ಬೆಳಗು ಎನ್ನುತ್ತಾರೆ, ತಮ್ಮನ್ನು ವೈದ್ಯ ಎಂದುಕೊಳ್ಳುತ್ತಾರೆ. ಪ್ರತಿ ನುಡಿಯ ಕೊನೆಗೆ ಕವಿ ಆ ಹೆಸರನ್ನು ವಾಪಸ್ ಕಳಿಸುತ್ತಾನೆ. ತಾನು ಬೇರೆ ಹೆಸರು ಇಡುವುದಕ್ಕೂ ಹೋಗುವುದಿಲ್ಲ, ಕ್ರಾಂತಿಯ ಕನಸನ್ನೂ ಹೇಳುವುದಿಲ್ಲ. ನಿರಾಕರಣೆ, ಅಷ್ಟೇ. ಅದೂ ಏಕವಚನದಲ್ಲಿ: ನಾನು.

ಈ 'ನಾನು' ಬಹಳ ಮುಖ್ಯ. ಫೈಜ್ ಅಹ್ಮದ್ ಫೈಜ್ ಅವರ 'ಹಮ್ ದೇಖೇಂಗೆ' ಕೂಡ ನಮ್ಮ ಪ್ರತಿಭಟನೆಗಳ ಹಾಡೇ. ಅದರ ಸರ್ವನಾಮ 'ನಾವು', ಕಾಲ ಭವಿಷ್ಯ. ಮುಂದೆ ಒಂದು ದಿನ ಬರುತ್ತದೆ ಎಂಬ ಭರವಸೆ ಅದು. ಸಾವಿರ ಜನರ ನಡುವೆ ನಿಂತು ಹಾಡಿದರೆ ಧೈರ್ಯ ಬರುತ್ತದೆ. ಜಾಲಿಬ್ ಕವಿತೆಯ ಸರ್ವನಾಮ 'ನಾನು', ಕಾಲ ಈಗ. ಸಾವಿರ ಜನ ಒಟ್ಟಿಗೆ ಕೂಗಿದರೂ ಪ್ರತಿಯೊಬ್ಬನೂ ತನ್ನೊಬ್ಬನ ಮಾತನ್ನೇ ಹೇಳುತ್ತಿರುತ್ತಾನೆ. ಗುಂಪಿನ ಹಿಂದೆ ಅಡಗಿಕೊಳ್ಳಲು ಜಾಗ ಇಲ್ಲ. ನಾಳೆ ಗುಂಪು ಚದುರಿದ ಮೇಲೂ, ಕೆಲಸ ಹೋದ ಮೇಲೂ, ಪೊಲೀಸರು ಮನೆ ಬಾಗಿಲು ತಟ್ಟಿದ ಮೇಲೂ ಆ 'ನಾನು' ಉಳಿದೇ ಇರುತ್ತದೆ.

ಇದನ್ನು ಕನ್ನಡಕ್ಕೆ ತರುವವರು ಇಲ್ಲಿಯೇ ಎಡವುವುದು. 'ಒಪ್ಪಲಾರೆ' ಎಂದು ಬರೆದರೆ ಕಿವಿಗೆ ಹಿತ, ಛಂದಸ್ಸಿಗೂ ಅನುಕೂಲ. ಆದರೆ 'ಲಾರೆ' ಎಂಬುದರಲ್ಲಿ ಅಶಕ್ತಿಯ ನೆರಳಿದೆ: ನಡೆಯಲಾರೆ, ಎತ್ತಲಾರೆ, ಹೇಳಲಾರೆ. ಒಪ್ಪುವ ಶಕ್ತಿ ನನಗಿಲ್ಲ ಎಂದಂತಾಗುತ್ತದೆ. ಜಾಲಿಬ್‌ಗೆ ಶಕ್ತಿ ಇದೆ, ಮನಸ್ಸಿಲ್ಲ. 'ಒಪ್ಪೆನು' ಎಂದರೆ ಗಟ್ಟಿ, ಆದರೆ ಹಳಗಾಲದ ವಾಸನೆ ಬರುತ್ತದೆ. ಬೀದಿಯಲ್ಲಿ ಯಾರೂ ಹಾಗೆ ಮಾತಾಡಲ್ಲ. ಬೀದಿಯ ಮಾತು 'ಒಪ್ಪಲ್ಲ'. ಅದರಲ್ಲಿ ಯಾರು ಎಂಬುದೇ ಇಲ್ಲ. ನಾನು, ನೀನು, ಅವರು ಎಲ್ಲರಿಗೂ ಅದೇ ರೂಪ. ಆದ್ದರಿಂದ 'ನಾನು' ಎಂಬುದನ್ನು ಪ್ರತಿ ಸಲವೂ ಬಾಯಿಬಿಟ್ಟು ಹೇಳಲೇಬೇಕು. ಉರ್ದುವಿನಲ್ಲೂ ಜಾಲಿಬ್ ಮಾಡಿದ್ದು ಅದನ್ನೇ. ಅನುವಾದಕ್ಕೆ ಕೂರುವ ವಿದ್ಯಾರ್ಥಿಗಳು ಪ್ರಾಸ ಬಿಟ್ಟರೂ ಪರವಾಗಿಲ್ಲ, ಈ 'ನಾನು' ಬಿಡಬಾರದು.

'ಮುಶೀರ್' ಎಂಬ ಕವಿತೆ ಇನ್ನೊಂದು ಬಗೆಯದು. ಮುಶೀರ್ ಎಂದರೆ ಸಲಹೆಗಾರ. ಇಲ್ಲಿ ಕವಿ ತನ್ನ ದನಿಯಲ್ಲಿ ಮಾತಾಡುವುದೇ ಇಲ್ಲ. ಇಡೀ ಕವಿತೆ ಆಳುವವರ ಸಲಹೆಗಾರನ ಬಾಯಲ್ಲಿದೆ. ಆತ ದೊರೆಗೆ ತಾನು ಕೊಟ್ಟ ಸಲಹೆಯನ್ನು ಹೆಮ್ಮೆಯಿಂದ ವರದಿ ಮಾಡುತ್ತಾನೆ: ಈ ಹತ್ತು ಕೋಟಿ ಜನ ತಿಳಿಗೇಡಿಗಳು, ಇವರ ಗೊಡವೆ ಬೇಡ, ದೇಶಕ್ಕೆ ನೀವೇ ಗತಿ ಎಂಬ ಧಾಟಿಯಲ್ಲಿ. ಕವಿ ಹಫೀಜ್ ಜಾಲಂಧರಿಯವರ ಜೊತೆ ನಡೆದ ಮಾತುಕತೆಯಿಂದ ಇದು ಹುಟ್ಟಿತು ಎಂಬ ಮಾತಿದೆ. ಅದು ಹಾಗಿರಲಿ. ಜಾಲಿಬ್ ಬರೀ ಘೋಷಣೆಯ ಕವಿ ಎನ್ನುವವರು ಈ ಕವಿತೆಯನ್ನು ಓದಬೇಕು. ಇಲ್ಲಿ ಒಂದೂ ಘೋಷಣೆ ಇಲ್ಲ. ಒಬ್ಬ ವಿದ್ಯಾವಂತ, ಮೃದುಮಾತಿನ ಮನುಷ್ಯ ಜನರನ್ನು ಹೇಗೆ ಮಾರುತ್ತಾನೆ ಎಂಬುದನ್ನು ಅವನ ಮಾತಿನಿಂದಲೇ ತೋರಿಸುತ್ತಾರೆ. ಅವನನ್ನು ಬಯ್ಯುವ ಕೆಲಸ ಓದುಗರಿಗೆ ಬಿಟ್ಟದ್ದು. ಸರ್ಕಾರದ ನೀತಿಗಳಿಗೆ ಹೆಸರು ಹುಡುಕಿಕೊಡುವವರು ಇಂಥವರೇ ಅಲ್ಲವೇ? ಕಲಿತವರು, ಬರೆಯುವವರು, ನಮ್ಮ ನಿಮ್ಮಂಥವರು.

ಅಯೂಬ್ ವಿರುದ್ಧ 1965ರ ಜನವರಿಯ ಚುನಾವಣೆಗೆ ಫಾತಿಮಾ ಜಿನ್ನಾ ನಿಂತಾಗ ಜಾಲಿಬ್ ಅವರ ಸಭೆಗಳಲ್ಲಿ ಹಾಡಿದರು. 1966ರಲ್ಲಿ ಬಂದ 'ಸರ್-ಎ-ಮಕ್ತಲ್' ಸಂಕಲನದ ಮೇಲೆ ಸರ್ಕಾರ ನಿಷೇಧ ಹಾಕಿತು. 1971ರಲ್ಲಿ ಯಾಹ್ಯಾ ಖಾನ್ ಸರ್ಕಾರ ಪೂರ್ವ ಬಂಗಾಳದಲ್ಲಿ ಸೇನೆ ನುಗ್ಗಿಸಿದಾಗ ಪಶ್ಚಿಮ ಪಾಕಿಸ್ತಾನದ ಲೇಖಕರಲ್ಲಿ ಹೆಚ್ಚಿನವರು ಸುಮ್ಮನಿದ್ದರು. ಜಾಲಿಬ್ ಸುಮ್ಮನಿರಲಿಲ್ಲ. ಆಗ ವಿರೋಧ ಸುಲಭ ಇರಲಿಲ್ಲ. ಸುತ್ತಲಿನ ಜನರೇ ಸೇನೆಯ ಪರ ಇದ್ದರು. ಬಂಗಾಳಿಗಳಿಗೆ 'ದ್ರೋಹಿ' ಎಂಬ ಹೆಸರು ಬಿದ್ದಿತ್ತು. ಜನರ ಕವಿ ಎನಿಸಿಕೊಂಡವನಿಗೆ ತನ್ನ ಜನರ ವಿರುದ್ಧವೇ ಮಾತಾಡುವ ಸಂದರ್ಭ. ಅವರು ಮಾತಾಡಿದರು.

ಆಮೇಲೆ ಬಂದದ್ದು ಚುನಾಯಿತ ಸರ್ಕಾರ, ಅದೂ ಬಡವರ ಹೆಸರು ಹೇಳಿಕೊಂಡು ಬಂದದ್ದು. ಎಷ್ಟೋ ಪ್ರಗತಿಪರ ಲೇಖಕರು ಭುಟ್ಟೊ ಜೊತೆ ನಿಂತರು. ಫೈಜ್ ಸಾಹೇಬರು ಸರ್ಕಾರದ ಕಲಾ ಪರಿಷತ್ತಿನ ಹೊಣೆ ಹೊತ್ತರು. ಆ ಕೆಲಸದಿಂದ ಅಲ್ಲಿನ ಜಾನಪದ ಕಲೆಗಳಿಗೆ ಒಳ್ಳೆಯದಾಯಿತು. ಫೈಜ್‌ರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಜಾಲಿಬ್ ಇದ್ದದ್ದು ವಲಿ ಖಾನರ ನ್ಯಾಷನಲ್ ಅವಾಮಿ ಪಾರ್ಟಿಯಲ್ಲಿ. 1975ರಲ್ಲಿ ಆ ಪಕ್ಷ ನಿಷೇಧವಾಯಿತು. ದೇಶದ ವಿರುದ್ಧ ಸಂಚು ಎಂಬ ಆರೋಪದಲ್ಲಿ ಅದರ ನಾಯಕರ ಜೊತೆ ಜಾಲಿಬ್ ಕೂಡ ಹೈದರಾಬಾದ್ ಜೈಲು ಸೇರಿದರು. ಇದು ಸಿಂಧ್ ಪ್ರಾಂತ್ಯದ ಹೈದರಾಬಾದ್, ನಮ್ಮ ದಖ್ಖನಿನದಲ್ಲ.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಗಡಿಯ ಈಚೆಗೆ ತುರ್ತು ಪರಿಸ್ಥಿತಿ. ಅದಕ್ಕೂ ಒಂದು ಚೆಂದದ ಹೆಸರಿತ್ತು, 'ಅನುಶಾಸನ ಪರ್ವ'. ಮಹಾಭಾರತದ ಪರ್ವವೊಂದರ ಹೆಸರು, ವಿನೋಬಾ ಭಾವೆಯವರ ಬಾಯಿಂದ ಬಂದದ್ದು. ಸರ್ಕಾರ ಅದನ್ನು ಊರೂರಿಗೂ ಪ್ರಚಾರ ಮಾಡಿತು. ಆ ಪರ್ವದಲ್ಲಿ 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಮನೆಯಲ್ಲಿದ್ದರು. ಅಸ್ತಮಾ ಇದ್ದ ಹೆಂಗಸು. ಅಲ್ಲಿ ದಿನಚರಿ ಬರೆದರು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಎರಡು ದೇಶಗಳು ಒಂದನ್ನೊಂದು ಶತ್ರು ಎನ್ನುತ್ತಿದ್ದ ಕಾಲದಲ್ಲಿ ಎರಡೂ ಕಡೆ ಬಾಗಿಲು ಮುಚ್ಚಿದ ಸದ್ದು ಒಂದೇ ಥರ ಇತ್ತು. ಜಾಲಿಬ್‌ರನ್ನು ಓದುವ ಭಾರತೀಯ ಓದುಗರು ಇದನ್ನು ಮರೆತರೆ, ಆ ಕವಿತೆಗಳು ಪಕ್ಕದ ಮನೆಯ ಜಗಳ ನೋಡಿದ ಹಾಗೆ ಆಗಿಬಿಡುತ್ತವೆ.

1977ರ ಜುಲೈ 5ರಂದು ಜನರಲ್ ಜಿಯಾ ಉಲ್ ಹಕ್ ಭುಟ್ಟೊರನ್ನು ಇಳಿಸಿದರು. ಆ ಸೇನಾ ಕಾರ್ಯಾಚರಣೆಯ ಹೆಸರು 'ಫೇರ್ ಪ್ಲೇ'. ತೊಂಬತ್ತು ದಿನದಲ್ಲಿ ಚುನಾವಣೆ ಎಂಬ ಮಾತು ಕೊಟ್ಟರು. ಚುನಾವಣೆ ನಡೆದದ್ದು 1985ರಲ್ಲಿ, ಅದೂ ಪಕ್ಷಗಳಿಲ್ಲದೆ. ಜಿಯಾ ಕಾಲದಲ್ಲಿ ಹೈದರಾಬಾದ್ ಮೊಕದ್ದಮೆ ಬಿದ್ದುಹೋಗಿ ಆರೋಪಿಗಳು ಹೊರಬಂದರು. ಬೇರೆಯವರಾಗಿದ್ದರೆ ಬಿಡಿಸಿದವರ ಋಣ ಎಂದು ಸುಮ್ಮನಿರುತ್ತಿದ್ದರೇನೋ. ಜಾಲಿಬ್ ತಮ್ಮ ಅತ್ಯಂತ ಕಟುವಾದ ಕವಿತೆಯೊಂದನ್ನು ಬರೆದದ್ದು ಜಿಯಾ ಮೇಲೆಯೇ. ಅಲ್ಲಿ ಎಲ್ಲ ಆಟ ನಿಂತಿರುವುದು ಒಂದು ಹೆಸರಿನ ಮೇಲೆ. ಜಿಯಾ ಎಂದರೆ ಬೆಳಕು. ಕತ್ತಲೆಯನ್ನು ಆ ಹೆಸರಿನಿಂದ ಕರೆಯಬೇಕೇ ಎಂದು ಕವಿ ಕೇಳುತ್ತಾರೆ. ಸರ್ವಾಧಿಕಾರಿಯ ಹೆಸರು ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ನಮ್ಮ ಓದುಗರಿಗೆ ಈ ಜಿಯಾ ಅಧ್ಯಾಯ ಹೆಚ್ಚು ಮುಖ್ಯ. ಯಾಕೆಂದರೆ ಅಲ್ಲಿ ಸರ್ಕಾರದ ನೀತಿಗಳಿಗೆ ಇಟ್ಟ ಹೆಸರು ದೀನ್‌ನದ್ದು. 1983ರ ಫೆಬ್ರವರಿ 12ರಂದು ಲಾಹೋರಿನಲ್ಲಿ ಮಹಿಳೆಯರು ಹೈಕೋರ್ಟಿಗೆ ಮೆರವಣಿಗೆ ಹೊರಟರು. ಸರ್ಕಾರ ತರಲು ಹೊರಟಿದ್ದ ಸಾಕ್ಷ್ಯ ಕಾನೂನಿನ ವಿರುದ್ಧ ಅವರ ತಕರಾರು. ಅದರಲ್ಲಿ ಇಬ್ಬರು ಹೆಂಗಸರ ಸಾಕ್ಷಿಯನ್ನು ಒಬ್ಬ ಗಂಡಸಿನ ಸಾಕ್ಷಿಗೆ ಸಮ ಮಾಡುವ ಮಾತಿತ್ತು. ಪೊಲೀಸರು ಲಾಠಿ ಬೀಸಿದರು. ಆ ಹೆಂಗಸರ ಜೊತೆ ನಿಂತಿದ್ದ ಜಾಲಿಬ್‌ಗೂ ಏಟು ಬಿತ್ತು. ಆಗ ಅವರಿಗೆ ಐವತ್ತೈದು ಹತ್ತಿರ ಬಂದಿತ್ತು. 1984ರ ಡಿಸೆಂಬರ್ 19ರ ಜನಮತಗಣನೆಯಲ್ಲಿ ಇಸ್ಲಾಮೀಕರಣ ಬೇಕೇ ಎಂದು ಜನರನ್ನು ಕೇಳಲಾಯಿತು. ಹೌದು ಎಂದರೆ ಜಿಯಾ ಐದು ವರ್ಷಕ್ಕೆ ಅಧ್ಯಕ್ಷ ಎಂದು ಅರ್ಥ. ನೂರಕ್ಕೆ ತೊಂಬತ್ತೇಳಕ್ಕಿಂತ ಹೆಚ್ಚು ಮತ ಹೌದು ಎಂದಿವೆ ಎಂದು ಸರ್ಕಾರ ಹೇಳಿತು. ಜಾಲಿಬ್ 'ರೆಫರೆಂಡಮ್' ಎಂಬ ಕವಿತೆ ಬರೆದು ಬಿಕೋ ಎನ್ನುವ ಊರನ್ನು ತೋರಿಸಿದರು.

ಇಲ್ಲಿ ಒಂದು ಪ್ರಶ್ನೆ ಸಹಜ. ಇಸ್ಲಾಮಿನ ಹೆಸರಿನ ನೀತಿಯನ್ನು ವಿರೋಧಿಸಿದವರು ಇಸ್ಲಾಮನ್ನೇ ಬಿಟ್ಟರೇ? ಜಿಯಾ ಪರ ಇದ್ದವರು ಹಾಗೇ ಹೇಳುತ್ತಿದ್ದರು. ಜಾಲಿಬ್ ಉತ್ತರ ಬೇರೆ. ಪಾಕಿಸ್ತಾನದ ಅರ್ಥ ಏನು ಎಂಬ ಹಳೆಯ ಘೋಷಣೆಯನ್ನು ಎತ್ತಿಕೊಂಡು ಅವರು ಒಂದು ಕವಿತೆ ಕಟ್ಟಿದರು. ಘೋಷಣೆಯನ್ನು ಗೇಲಿ ಮಾಡಲಿಲ್ಲ, ಕಲಿಮಾ ಬಿಡಲಿಲ್ಲ. ಅದರ ಜೊತೆಗೆ ರೊಟ್ಟಿ, ಬಟ್ಟೆ, ಔಷಧಿ, ಇರಲು ಒಂದು ಚಿಕ್ಕ ಮನೆ, ಪುಕ್ಕಟೆ ಓದು ಇವನ್ನು ಕೇಳಿದರು. ತಾನೂ ಮುಸಲ್ಮಾನನೇ ಎಂದು ಆಣೆ ಹಾಕಿ ಕೇಳಿದರು. ಪವಿತ್ರ ಮಾತನ್ನು ಆಳುವವರ ಕೈಗೆ ಬಿಟ್ಟುಕೊಡದೆ, ಆ ಮಾತಿನ ಲೆಕ್ಕ ಕೇಳುವ ರೀತಿ ಇದು. ಕನ್ನಡದಲ್ಲಿ ಬರೆಯುವ ಮುಸ್ಲಿಂ ಲೇಖಕರಿಗೂ ಈ ದಾರಿ ಅಪರಿಚಿತ ಅಲ್ಲ. ಸಾರಾ ಅಬೂಬಕರ್, ಬಾನು ಮುಷ್ತಾಕ್ ಅವರ ಕಥೆಗಳ ಹೆಂಗಸರು ಕೇಳುವುದೂ ಹೆಚ್ಚು ಕಡಿಮೆ ಇದನ್ನೇ: ದೀನ್ ಕೊಟ್ಟ ಹಕ್ಕನ್ನು ದೀನ್‌ನ ಹೆಸರಿನಲ್ಲೇ ಯಾಕೆ ಕಸಿಯುತ್ತೀರಿ?

ಇನ್ನು ಜಾಲಿಬ್ ಅವರ ನಿಜವಾದ ಪರೀಕ್ಷೆ. ಜಿಯಾ ಕಾಲದಲ್ಲಿ ಬೇನಜೀರ್ ಭುಟ್ಟೊ ಬರಿಗೈಯಲ್ಲಿ ಸೇನೆಯನ್ನು ಎದುರಿಸಿದಾಗ, ಬಂದೂಕು ಹಿಡಿದವರನ್ನೇ ಹೆದರಿಸುವ ಹುಡುಗಿ ಎಂದು ಅವರನ್ನು ಮೆಚ್ಚಿ ಬರೆದವರು ಜಾಲಿಬ್. 1988ರ ಡಿಸೆಂಬರಿನಲ್ಲಿ ಬೇನಜೀರ್ ಪ್ರಧಾನಿಯಾದರು. ತಮ್ಮವರೇ ಗೆದ್ದ ದಿನ. ಸ್ವಲ್ಪ ಕಾಲ ಕಳೆದ ಮೇಲೆ ಜಾಲಿಬ್ ಮತ್ತೊಂದು ಕವಿತೆ ಬರೆದರು: ಮಂತ್ರಿಗಳ ದಿನ ಬದಲಾಗಿದೆ, ಬಡವರದ್ದು ಹಾಗೇ ಇದೆ. ಅದರಲ್ಲಿ ಅವರು ಪ್ರಧಾನಿಯ ಹೆಸರನ್ನೂ ಅವರ ಪುಟ್ಟ ಮಗ ಬಿಲಾವಲ್ ಹೆಸರನ್ನೂ ತೆಗೆದುಕೊಂಡು ದೇಶದ ಬಡ ತಾಯಂದಿರಿಗೆ, ಮಕ್ಕಳಿಗೆ ಇಟ್ಟುಬಿಟ್ಟರು. ದೇಶದ ಬಿಲಾವಲರ ತಲೆಯ ಮೇಲೆ ಸಾಲ ಇದೆ, ಬೇನಜೀರರ ಕಾಲಿಗೆ ಚಪ್ಪಲಿ ಇಲ್ಲ ಎಂಬ ಅರ್ಥ ಬರುವ ಹಾಗೆ. ಬೈಗುಳ ಒಂದೂ ಇಲ್ಲ. ಹೆಸರು ಮಾತ್ರ ಅರಮನೆಯಿಂದ ಗುಡಿಸಲಿಗೆ ಹೋಗಿದೆ. ನನ್ನ ಮಟ್ಟಿಗೆ ಇದು 'ದಸ್ತೂರ್'ಗಿಂತ ದೊಡ್ಡ ಕವಿತೆ. ಶತ್ರುವಿನ ಸುಳ್ಳನ್ನು ಸುಳ್ಳು ಎನ್ನಲು ಧೈರ್ಯ ಬೇಕು, ನಿಜ. ತಾನೇ ಹೊಗಳಿದವರ ಮುಂದೆ ಅದೇ ತಕ್ಕಡಿ ಹಿಡಿಯಲು ಅದಕ್ಕಿಂತ ಹೆಚ್ಚಿನದೇನೋ ಬೇಕು.

ಜಾಲಿಬ್ ಕಾವ್ಯದಲ್ಲಿ ಕೊರತೆ ಇಲ್ಲ ಎನ್ನಲಾಗದು. ಎಷ್ಟೋ ಕವಿತೆಗಳು ಆ ವಾರದ ಸುದ್ದಿಗೆ ಕಟ್ಟಿಕೊಂಡವು. ಹಿನ್ನೆಲೆ ಹೇಳದಿದ್ದರೆ ಇಂದಿನ ವಿದ್ಯಾರ್ಥಿಗೆ ಅರ್ಥವಾಗಲ್ಲ. 'ರೆಫರೆಂಡಮ್' ಅಂಥದ್ದೇ. ರಾತ್ರಿ, ಜೈಲು, ಕೊಲೆಗಾರ, ಬೆಳಗು ಇವೇ ಪದಗಳು ಮತ್ತೆ ಮತ್ತೆ ಬಂದು ಸವೆಯುತ್ತವೆ. ಅವರ 'ಅವಾಮ್', ಅಂದರೆ ಜನಸಾಮಾನ್ಯರು, ಬಹುತೇಕ ಕಡೆ ಬರೀ ಮುಗ್ಧರು, ಮೋಸ ಹೋದವರು. ಜನರೇ ಖುಷಿಯಿಂದ ಒಂದು ಕೆಟ್ಟ ನೀತಿಯನ್ನು ಒಪ್ಪಿಕೊಂಡಾಗ ಏನು ಮಾಡಬೇಕು ಎಂಬುದಕ್ಕೆ ಅವರ ಬದುಕಿನಲ್ಲಿ ಉತ್ತರ ಸಿಗುವಷ್ಟು ಕಾವ್ಯದಲ್ಲಿ ಸಿಗುವುದಿಲ್ಲ. ಪಂಜಾಬಿಯಾಗಿ ಪಂಜಾಬನ್ನೇ ನಿದ್ದೆಯಿಂದ ಎಬ್ಬಿಸಲು ಬರೆದ ಕವಿತೆ ಇದಕ್ಕೆ ಅಪವಾದ.

ಘೋಷಣೆಯೇ ಕಾವ್ಯವೇ ಎಂಬ ವಾದ ನಮಗೂ ಹೊಸದಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಕನ್ನಡದ ವಿಮರ್ಶೆಯಲ್ಲೂ ಇದೇ ಮಾತು ನಡೆಯಿತು. ಜೋರಾಗಿ ಹಾಡಬಹುದು ಎಂಬ ಕಾರಣಕ್ಕೆ ಒಂದು ಕವಿತೆ ಸಣ್ಣದಾಗುವುದಿಲ್ಲ. ಹಾಡುವವರು ಅದರ ಅರ್ಥ ಬಿಟ್ಟು ಬರೀ ಸದ್ದು ಇಟ್ಟುಕೊಂಡಾಗ ಸಣ್ಣದಾಗುತ್ತದೆ. ಶಹಬಾಜ್ ಶರೀಫ್ ಹಾಡಿದಾಗ ಆದದ್ದು ಅದು. ಆಗ 'ದಸ್ತೂರ್' ಎದುರು ಪಕ್ಷದವರಿಗೆ ಎಸೆಯುವ ಕಲ್ಲಾಯಿತು.

ಆದ್ದರಿಂದ ಮುಂಬೈಯಲ್ಲೋ, ಪುಣೆಯಲ್ಲೋ, ದೆಹಲಿಯಲ್ಲೋ ಕಾಲೇಜಿನ ವೇದಿಕೆಯಲ್ಲಿ ಈ ಕವಿತೆ ಓದಲು ಹೊರಟವರಿಗೆ ಹೇಳುವುದು ಇಷ್ಟೇ. ರಾಗ ಕಲಿಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನೀವು ವಿರೋಧಿಸುವ ನೀತಿಗೆ ಸರ್ಕಾರ ಇಟ್ಟ ಹೆಸರನ್ನು ಒಂದು ಕಡೆ ಬರೆಯಿರಿ; ಅದರಿಂದ ಯಾರ ಬದುಕಿನಲ್ಲಿ ಏನಾಯಿತು ಎಂಬುದನ್ನು ಇನ್ನೊಂದು ಕಡೆ ಬರೆಯಿರಿ. ಆಮೇಲೆ ನಿಮ್ಮ ಮನೆ, ನಿಮ್ಮ ಜಮಾತ್, ನೀವು ಮತ ಹಾಕಿದ ಪಕ್ಷ ಇವು ತಮ್ಮ ಕೆಲಸಗಳಿಗೆ ಇಟ್ಟುಕೊಂಡ ಹೆಸರುಗಳನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಆ ಮೂರನೆಯ ಸಾಲು ಬರೆಯಲು ಕೈ ಬರುವವರ ಬಾಯಲ್ಲಿ ಜಾಲಿಬ್ ಅವರ 'ನಾನು' ಚೆನ್ನಾಗಿ ಕೇಳಿಸುತ್ತದೆ.